ಒಂದೇ ಈಡಿನ ಹಳೆ ರೈಫಲ್‌ನಲ್ಲಿ ಜಿಂಕೆ ಬೇಟೆ: ತೋಟಾದಿಂದ ಜಾಡಿನವರೆಗೆ

ಮ್ಯಾಗಜೀನ್ (ತೋಟಾಗಳ ಪೆಟ್ಟಿಗೆ) ಇಲ್ಲದ ರೈಫಲ್ ಕೈಗೆ ಬಂದಾಗ ಎಲ್ಲರಿಗೂ ಮೊದಲು ಹುಟ್ಟುವ ಚಿಂತೆ ಎರಡನೇ ಈಡಿನದು. ಬ್ರೀಚ್ (ನಳಿಗೆಯ ಹಿಂಬದಿಯ ಬಾಗಿಲು) ತೆರೆದು ಒಂದು ತೋಟಾ ಹಾಕಿ, ಮುಚ್ಚಿ, ಹೊಡೆಯಬೇಕು. ತಪ್ಪಿದರೆ ಮತ್ತೆ ಮೊದಲಿಂದ. ಆದರೆ ಜಿಂಕೆ ಕೈತಪ್ಪುವುದಕ್ಕೆ, ಗಾಯಗೊಂಡು ಕಾಡು ಸೇರುವುದಕ್ಕೆ ಆ ಎರಡನೇ ಈಡಿಲ್ಲದ್ದು ಕಾರಣವಾಗುವುದು ಅಪರೂಪ. ದೂರದ ಅಂದಾಜು ತಪ್ಪಿರುತ್ತದೆ, ಇಲ್ಲವೇ ತಣ್ಣಗಿನ ನಳಿಗೆಯಿಂದ ಹೊರಡುವ ಮೊದಲ ಗುಂಡು ಎಲ್ಲಿಗೆ ಹೋಗುತ್ತದೆಂದು ಹೊಡೆಯುವವರಿಗೇ ಗೊತ್ತಿರುವುದಿಲ್ಲ. ಆದ್ದರಿಂದ ಇಲ್ಲಿ ಹೆಚ್ಚು ಜಾಗ ಆ ಎರಡಕ್ಕೆ.

ಇದೆಲ್ಲ ಉತ್ತರ ಅಮೆರಿಕದ ಬಿಳಿಬಾಲದ ಜಿಂಕೆ ಮತ್ತು ಮ್ಯೂಲ್ ಡಿಯರ್‌ಗೆ, ಅದೂ ಲೈಸೆನ್ಸ್ ಮತ್ತು ಟ್ಯಾಗ್ (ಹೊಡೆದ ಜಿಂಕೆಗೆ ಕಟ್ಟುವ ಪರವಾನಗಿ ಚೀಟಿ) ಪಡೆದು ಋತುವಿನೊಳಗೆ ಮಾಡುವ ಬೇಟೆಗೆ ಮಾತ್ರ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಜಿಂಕೆ ಬೇಟೆ ಅಪರಾಧ, ಕೋವಿ ಯಾವುದೇ ಆಗಿರಲಿ. ಅಮೆರಿಕದಲ್ಲೂ ಒಂದೊಂದು ರಾಜ್ಯಕ್ಕೆ ಒಂದೊಂದು ನಿಯಮ. ಮಿಸಿಸಿಪ್ಪಿ ಮತ್ತು ಲೂಯಿಸಿಯಾನಾಗಳಲ್ಲಿ ಹೊರಗೆ ಕಾಣುವ ಕುದುರೆಯುಳ್ಳ (ತೋಟಾ ಸಿಡಿಸಲು ಬಡಿಯುವ ಸುತ್ತಿಗೆ, ಹ್ಯಾಮರ್), .35 ಕ್ಯಾಲಿಬರ್ (ಇಂಚಿನಲ್ಲಿ ನಳಿಗೆಯ ಅಳತೆ) ಅಥವಾ ದೊಡ್ಡ ಒಂದೇ ಈಡಿನ ರೈಫಲ್‌ಗಳಿಗೆ ಹಳೆ ಆಯುಧಗಳ ವಿಶೇಷ ಋತುವಿನಲ್ಲಿ ಅವಕಾಶವಿದೆ. ಒಹಾಯೊ 2014ರಿಂದ ನೇರ ಗೋಡೆಯ (ಬಾಯಿಯ ಹತ್ತಿರ ಕುತ್ತಿಗೆಯಂತೆ ಕಿರಿದಾಗದ) ಚಿಪ್ಪಿನ ತೋಟಾಗಳಿಗೆ ಅನುಮತಿ ಕೊಟ್ಟಿದೆ. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡು ಕೂಡದು. ಕಿತ್ತಳೆ ಬಣ್ಣದ ಬಟ್ಟೆ ಎಷ್ಟಿರಬೇಕೆಂಬುದೂ ಬೇರೆ ಬೇರೆ: ಕೆಲವೆಡೆ 400 ಚದರ ಇಂಚು, ಕೆಲವೆಡೆ 500. ಆ ವರ್ಷದ ನಿಯಮಪುಸ್ತಕ ಓದದೆ ತೋಟಾ ಕೊಳ್ಳಬೇಡಿ.

ರೈಫಲ್: ಬಾಗಿಲು ಹೇಗೆ ತೆರೆಯುತ್ತದೆ ಎಂಬುದೇ ಮುಖ್ಯ

ಈ ಬಂದೂಕುಗಳ ನಡುವಿನ ನಿಜವಾದ ವ್ಯತ್ಯಾಸ ಬ್ರೀಚಿನಲ್ಲಿದೆ. ಬ್ರೀಚಿನ ಗುಣ ಗೊತ್ತಿಲ್ಲದೆ ಕಾಡಿಗೆ ಹೋದರೆ ಬೆರಳೂ ಹೋದೀತು, ಬೇಟೆಯೂ ಹೋದೀತು.

ಶಾರ್ಪ್ಸ್ 1874ರಲ್ಲಿ ಟ್ರಿಗರಿನ ಕಾವಲು ಬಳೆಯೇ ಲಿವರ್. ಅದನ್ನು ಕೆಳಗೆ ಎಳೆದರೆ ದಪ್ಪನೆಯ ಉಕ್ಕಿನ ಬ್ಲಾಕ್ ಕೆಳಗಿಳಿದು ಚೇಂಬರ್ (ತೋಟಾ ಕೂರುವ ಗೂಡು) ತೆರೆಯುತ್ತದೆ. ಕುದುರೆ ಬದಿಯಲ್ಲಿದೆ. ಹೊಡೆದಾದ ಮೇಲೆ ಕುದುರೆಯನ್ನು ಅರ್ಧಕ್ಕೆ ಎತ್ತದೆ ಲಿವರ್ ಎಳೆಯಬಾರದು. ಕುದುರೆ ಪೂರ್ತಿ ಬಿದ್ದಿರುವಾಗ ಫೈರಿಂಗ್ ಪಿನ್ನಿನ ತುದಿ ಚಿಪ್ಪಿನ ಪ್ರೈಮರಿನೊಳಗೆ (ಮದ್ದಿಗೆ ಕಿಡಿ ಕೊಡುವ ತಳದ ಬಿಲ್ಲೆ) ಕೂತಿರುತ್ತದೆ. ಆಗ ಬ್ಲಾಕನ್ನು ಕೆಳಗೆ ಸರಿಸಿದರೆ ಪಿನ್ನು ಮುರಿಯುತ್ತದೆ ಅಥವಾ ಬಾಗುತ್ತದೆ. ಆತುರದಲ್ಲಿ ಮರೆತುಹೋಗುವ ಕೆಲಸ ಇದೇ. ಹೊಡೆ, ಅರ್ಧಕ್ಕೆ ಎತ್ತು, ಲಿವರ್ ಎಳೆ: ಈ ಮೂರೂ ಸೇರಿ ಒಂದೇ ಚಲನೆ ಅನ್ನಿಸುವಷ್ಟು ಕೈಗೆ ರೂಢಿಯಾಗಬೇಕು.

ರೆಮಿಂಗ್ಟನ್ ರೋಲಿಂಗ್ ಬ್ಲಾಕಿನಲ್ಲಿ ಲಿವರ್ ಇಲ್ಲ. ಕುದುರೆಯನ್ನು ಪೂರ್ತಿ ಎತ್ತಿ, ಬ್ಲಾಕನ್ನು ಹೆಬ್ಬೆರಳಿಂದ ಹಿಂದಕ್ಕೆ ಉರುಳಿಸಬೇಕು. ಹೊಡೆಯುವ ಕ್ಷಣದಲ್ಲಿ ಕುದುರೆಯ ಬುಡ ಬ್ಲಾಕಿನ ಅಡಿಗೆ ಬಂದು ಕೂತು ಅದನ್ನು ಬಿಗಿಯುತ್ತದೆ. ಇಷ್ಟು ಸರಳವಾದದ್ದು ಇನ್ನೊಂದಿಲ್ಲ. ಆದರೆ ತೋಟಾ ಹಾಕಿ ಮುಚ್ಚಿದ ಮೇಲೆ ಕುದುರೆ ಪೂರ್ತಿ ಎತ್ತಿಯೇ ಇರುತ್ತದೆ ಎಂಬುದನ್ನು ನೆನಪಿಡಿ.

ಜಾನ್ ಬ್ರೌನಿಂಗ್ 1879ರಲ್ಲಿ ಪೇಟೆಂಟ್ ಪಡೆದ ವಿನ್ಯಾಸವೇ ಮುಂದೆ ವಿಂಚೆಸ್ಟರ್ 1885 ಆಯಿತು. ಇದರಲ್ಲಿ ಕುದುರೆ ನಡುವೆ ಇದೆ, ಬ್ಲಾಕಿನ ಜೊತೆಗೇ ಕೆಳಗಿಳಿಯುತ್ತದೆ. ಲಿವರ್ ಮುಚ್ಚಿದಾಗ ಕೆಲವು ಬಂದೂಕುಗಳಲ್ಲಿ ಕುದುರೆ ಪೂರ್ತಿ ಏರಿ ನಿಲ್ಲುತ್ತದೆ, ಕೆಲವುಗಳಲ್ಲಿ ಅರ್ಧಕ್ಕೆ. ನಿಮ್ಮದು ಯಾವ ಬಗೆ ಎಂದು ಖಾಲಿ ಚೇಂಬರಿನಲ್ಲಿ ನೋಡಿಕೊಳ್ಳಿ. 1967ರಲ್ಲಿ ಬಂದ ರೂಗರ್ ನಂ. 1 ಹಳೆ ಫಾರ್ಕರ್ಸನ್ ವಿನ್ಯಾಸದ ಜಾಡಿನದು: ಕುದುರೆ ಒಳಗೆ ಅಡಗಿದೆ, ಸೇಫ್ಟಿ ಹೆಬ್ಬೆರಳ ಕೆಳಗಿದೆ, ಉಕ್ಕು ಇಂದಿನದು. ಹಳೆ ರೀತಿ ಬೇಕು, ಹಳೆ ತಲೆನೋವು ಬೇಡ ಅನ್ನುವವರಿಗೆ ಇದು ಒಳ್ಳೆಯದು.

1873ರ ಸ್ಪ್ರಿಂಗ್‌ಫೀಲ್ಡ್ ಟ್ರ್ಯಾಪ್‌ಡೋರ್ ಕೈಗೆ ಸಿಕ್ಕರೆ ಅದನ್ನು ಮೃದುವಾಗಿ ನಡೆಸಿಕೊಳ್ಳಿ. ಮೇಲಕ್ಕೆ ಎದ್ದು ತೆರೆಯುವ ಅದರ ಬಾಗಿಲು ದುರ್ಬಲ. ಬಲವಾದ ಹೊಸ ರೈಫಲ್‌ಗಳಿಗೆಂದು ತುಂಬಿಸಿದ ತೋಟಾ ಅದರಲ್ಲೂ ಸಲೀಸಾಗಿ ಹಿಡಿಯುತ್ತದೆ, ಅಪಾಯ ಇರುವುದೇ ಅಲ್ಲಿ.

ಹತ್ತೊಂಬತ್ತನೇ ಶತಮಾನದ ಅಸಲಿ ಬಂದೂಕಾದರೆ ಎರಡು ಕೆಲಸ ತಪ್ಪಿಸಬೇಡಿ. ಬಂದೂಕು ರಿಪೇರಿಯವರಿಂದ ಬ್ಲಾಕಿನ ಸಡಿಲವನ್ನು, ಹೆಡ್‌ಸ್ಪೇಸನ್ನು (ಮುಚ್ಚಿದ ಬ್ಲಾಕಿಗೂ ತೋಟಾದ ಬುಡಕ್ಕೂ ನಡುವಿನ ಸಂದು) ಅಳೆಸಿ. ಚೇಂಬರಿನ ಅಚ್ಚು ತೆಗೆಸಿ. ನಳಿಗೆಯ ಮೇಲೆ ಕೆತ್ತಿದ ಹೆಸರಿಗೂ ಒಳಗಿನ ಅಳತೆಗೂ ನೂರು ವರ್ಷದಲ್ಲಿ ಸಂಬಂಧ ಕಡಿದಿರಬಹುದು. ಯಾರೋ ಚೇಂಬರನ್ನು ಉದ್ದ ಕೊರೆಸಿರುವುದು ಸಾಮಾನ್ಯ.

ತೋಟಾ

ಜಿಂಕೆಗೆ .38-55ರಿಂದ ಮೇಲಿನವು ಸಾಕು. ಹೆಚ್ಚಿನವರ ಕೈಯಲ್ಲಿರುವುದು .45-70. ಹಳೆಯ ಲೆಕ್ಕದಲ್ಲಿ ಆ ಹೆಸರೇ ಪಾಕವಿಧಾನ: .45 ಇಂಚಿನ ಗುಂಡು, 70 ಗ್ರೇನ್ ಕಪ್ಪು ಮದ್ದು. ಮೂರನೆಯ ಸಂಖ್ಯೆ ಇದ್ದರೆ ಅದು ಗುಂಡಿನ ತೂಕ, 405 ಗ್ರೇನ್, ಅಂದರೆ ಸುಮಾರು 26 ಗ್ರಾಂ. ಇದು ಸೆಕೆಂಡಿಗೆ 1330 ಅಡಿಯ ಆಸುಪಾಸಿನಲ್ಲಿ ಹೊರಡುತ್ತದೆ. ಇಂದಿನ ಲೆಕ್ಕದಲ್ಲಿ ನಿಧಾನ. ಆದರೆ ಅಷ್ಟು ಭಾರದ ಮೆದು ಸೀಸ ಜಿಂಕೆಯ ಎದೆಯ ಒಂದು ಬದಿಯಿಂದ ಹೊಕ್ಕು ಇನ್ನೊಂದು ಬದಿಗೆ ಹೊರಬರುತ್ತದೆ, ಮಾಂಸವನ್ನೂ ಹೆಚ್ಚು ಕೆಡಿಸುವುದಿಲ್ಲ.

ಗುಂಡಿನ ಮೂತಿ ಚಪ್ಪಟೆಯಿರಲಿ. ಈ ವೇಗದಲ್ಲಿ ದುಂಡು ಮೂತಿಯ ಗಟ್ಟಿ ಗುಂಡು ಸೂಜಿಯಂತೆ ತೂರಿಹೋಗುತ್ತದೆ, ರಕ್ತದ ಜಾಡು ಬೀಳುವುದಿಲ್ಲ. ಮನೆಯಲ್ಲಿ ಎರಕ ಹೊಯ್ಯುವವರಿಗೆ 20 ಪಾಲು ಸೀಸಕ್ಕೆ 1 ಪಾಲು ತವರ ಹದವಾದ ಮಿಶ್ರಣ. ಗಟ್ಟಿ ಮಾಡಲು ಹೋಗಬೇಡಿ. ಗುಂಡಿನ ವ್ಯಾಸ ನಳಿಗೆಯ ಒಳಗೆರೆಯ (ಒಳಗೆ ಕೊರೆದ ಸುರುಳಿ ಗೆರೆ) ಅಳತೆಗಿಂತ ಇಂಚಿನ ಸಾವಿರನೇ ಒಂದು ಭಾಗದಷ್ಟು ಹೆಚ್ಚಿರಬೇಕು. ಅದಕ್ಕಿಂತ ಸಣ್ಣದಾದರೆ ಬಿಸಿ ಅನಿಲ ಬದಿಯಿಂದ ನುಸುಳಿ ಸೀಸ ಕರಗಿ ನಳಿಗೆಗೆ ಮೆತ್ತುತ್ತದೆ, ಹತ್ತನೇ ಗುಂಡಿನ ಹೊತ್ತಿಗೆ ಗುರಿ ಚೆದುರುತ್ತದೆ. ಸೀಸ ನಿಷಿದ್ಧವಾದಲ್ಲಿ ತಾಮ್ರದ ಗುಂಡು ಬಳಸುವಾಗ ಅದು ಅರಳಲು ಎಷ್ಟು ವೇಗ ಬೇಕೆಂದು ತಯಾರಕರ ಪಟ್ಟಿಯಲ್ಲಿ ನೋಡಿ. ವೇಗ ಸಾಲದಿದ್ದರೆ ಅದೂ ಸೂಜಿಯೇ.

ಕಪ್ಪು ಮದ್ದಿನ ತೋಟಾದಲ್ಲಿ ಮದ್ದಿಗೂ ಗುಂಡಿಗೂ ನಡುವೆ ಖಾಲಿ ಜಾಗ ಇರಲೇಕೂಡದು. ಖಾಲಿ ಬಿಟ್ಟರೆ ಒತ್ತಡ ಒಂದೆಡೆ ಗುದ್ದಿ ಚೇಂಬರ್ ಉಬ್ಬಬಹುದು. ಇಂದಿನ ಚಿಪ್ಪುಗಳ ಬುಡ ಹಳೆಯವಕ್ಕಿಂತ ದಪ್ಪ, ಆದ್ದರಿಂದ 70 ಗ್ರೇನ್ ಒತ್ತದೆ ಹಿಡಿಯದು. ಉದ್ದನೆಯ ಕೊಳವೆಯ ಮೂಲಕ ನಿಧಾನವಾಗಿ ಸುರಿದು, ಮೇಲೆ ರಟ್ಟಿನ ಬಿಲ್ಲೆ ಇಟ್ಟು, ಒತ್ತುವ ಡೈನಿಂದ ಒತ್ತಿ. ಗುಂಡಿನಿಂದಲೇ ಒತ್ತಿದರೆ ಮೆದು ಸೀಸ ಉಬ್ಬುತ್ತದೆ. ಕಪ್ಪು ಮದ್ದಿನ ಅಳತೆಯ ಚಮಚದಲ್ಲಿ ಹೊಗೆರಹಿತ ಮದ್ದನ್ನು ತುಂಬಿದರೆ ರೈಫಲ್ ಸಿಡಿಯುತ್ತದೆ. ಈ ತಪ್ಪನ್ನು ತಿದ್ದಿಕೊಳ್ಳಲು ಎರಡನೇ ಅವಕಾಶವಿರುವುದಿಲ್ಲ.

ಪ್ರೈಮರ್ ಚಿಪ್ಪಿನ ತಳಕ್ಕಿಂತ ಕೂದಲೆಳೆಯಷ್ಟೂ ಹೊರಗೆ ಇರಬಾರದು. ಮೇಲೇರುವ ಬ್ಲಾಕಿನ ಅಂಚು ಅದಕ್ಕೆ ತಾಗಿ ಸಿಕ್ಕಿಕೊಳ್ಳುತ್ತದೆ. ಆಗ ಬಲವಂತವಾಗಿ ಮುಚ್ಚುವುದು ಅಪಾಯ. ಬೋಲ್ಟ್ ರೈಫಲ್‌ಗಳಂತೆ ತೋಟಾವನ್ನು ಒಳಕ್ಕೆ ನೂಕುವ ಶಕ್ತಿ ಈ ಬ್ರೀಚ್‌ಗಳಿಗಿಲ್ಲ. ಹೆಬ್ಬೆರಳಿಂದ ಪೂರ್ತಿ ಒಳಗೆ ಕೂರಬೇಕು. ಅದಕ್ಕೇ, ಬೇಟೆಗೆ ಒಯ್ಯುವ ಪ್ರತಿ ತೋಟಾವನ್ನೂ ರೇಂಜಿನಲ್ಲಿ, ನಳಿಗೆ ಮಣ್ಣದಿಬ್ಬದ ಕಡೆಗಿಟ್ಟು, ಒಮ್ಮೆ ಚೇಂಬರಿಗೆ ಹಾಕಿ ತೆಗೆದು ನೋಡಿ. ಬಿಗಿಯಾದದ್ದನ್ನು ಅಭ್ಯಾಸಕ್ಕೆ ಇಟ್ಟುಕೊಳ್ಳಿ. ಇಂಥ ಹತ್ತು ತೋಟಾ ಆರಿಸಿಟ್ಟುಕೊಂಡರೆ ಒಂದು ಋತುವಿಗೆ ಧಾರಾಳ.

ಗುರಿ ಕೂಡಿಸುವುದು ಮತ್ತು ನಿಮ್ಮ ದೂರ

405 ಗ್ರೇನ್, 1330 ಅಡಿ ವೇಗದ ಗುಂಡನ್ನು 100 ಗಜಕ್ಕೆ ಕೂಡಿಸಿದರೆ, ಅಂದರೆ ಆ ದೂರದಲ್ಲಿ ಗುರಿಯಿಟ್ಟಲ್ಲಿಗೇ ಬೀಳುವಂತೆ ಸೈಟ್ ಹೊಂದಿಸಿದರೆ, ಅದು 50 ಗಜದಲ್ಲಿ ಸುಮಾರು 2 ಇಂಚು ಮೇಲೆ ಹೋಗುತ್ತದೆ. 150 ಗಜದಲ್ಲಿ ಸುಮಾರು 9 ಇಂಚು ಕೆಳಗೆ, 175ರಲ್ಲಿ 16 ಇಂಚು, 200ರಲ್ಲಿ ಎರಡು ಅಡಿ ಕೆಳಗೆ. ಜಿಂಕೆಯ ಹೃದಯ ಮತ್ತು ಶ್ವಾಸಕೋಶದ ಜಾಗ ಸುಮಾರು 8 ಇಂಚಿನ ವೃತ್ತ. ಅದರ ನಡುವೆ ಗುರಿಯಿಟ್ಟರೆ ಮೇಲೆ ಕೆಳಗೆ ನಾಲ್ಕು ನಾಲ್ಕು ಇಂಚು ನಿಮ್ಮ ಪಾಲು.

ಈಗ ಲೆಕ್ಕ ಹಾಕಿ. ನಿಜವಾದ ದೂರ 175 ಗಜ, ನೀವು 150 ಎಂದುಕೊಂಡಿರಿ. ಕಾಡಂಚಿನಲ್ಲಿ, ಸಂಜೆಯ ಬೆಳಕಿನಲ್ಲಿ, 25 ಗಜದ ತಪ್ಪು ಯಾರಿಗಾದರೂ ಆಗುವಂಥದ್ದೇ. ಗುಂಡು ನೀವು ಅಂದುಕೊಂಡದ್ದಕ್ಕಿಂತ 7 ಇಂಚು ಕೆಳಗೆ ಬೀಳುತ್ತದೆ: ಎದೆಯ ಅಡಿಯ ಚರ್ಮ, ಇಲ್ಲವೇ ಮುಂಗಾಲು. ಅದೇ 25 ಗಜದ ತಪ್ಪು 75ಕ್ಕೂ 100ಕ್ಕೂ ನಡುವೆ ಆದರೆ ವ್ಯತ್ಯಾಸ ಎರಡು ಇಂಚೂ ಇಲ್ಲ. ಹಳೆ ರೈಫಲ್‌ನ ಮಿತಿ ಗುಂಡಿನ ಬಲದಲ್ಲಿಲ್ಲ, ಅದರ ಬಾಗಿದ ದಾರಿಯಲ್ಲಿದೆ.

ಆದ್ದರಿಂದ 110 ಗಜಕ್ಕೆ ಕೂಡಿಸಿ. ಆಗ ಬಂದೂಕಿನ ಬಾಯಿಂದ ಸುಮಾರು 130 ಗಜದವರೆಗೂ ಗುಂಡು ನೋಟದ ಗೆರೆಗಿಂತ ಮೂರು ಇಂಚಿಗೆ ಹೆಚ್ಚು ಮೇಲೆ ಕೆಳಗೆ ಆಗುವುದಿಲ್ಲ. ಆ ದೂರದೊಳಗೆ ಏನನ್ನೂ ಲೆಕ್ಕ ಹಾಕದೆ ನಟ್ಟನಡುವೆ ಗುರಿಯಿಡಿ. ಬಲವಾದ ಬ್ರೀಚಿನ ರೈಫಲ್‌ನಲ್ಲಿ 300 ಗ್ರೇನ್ ಗುಂಡನ್ನು 1850 ಅಡಿಯಷ್ಟು ವೇಗಕ್ಕೆ ಒಯ್ದರೆ 150ಕ್ಕೆ ಕೂಡಿಸಿ ಸುಮಾರು 170 ಗಜದವರೆಗೆ ಹಾಗೆಯೇ ಮಾಡಬಹುದು. ಇದಕ್ಕಿಂತ ಆಚೆಗೆ ಲೇಸರ್ ರೇಂಜ್‌ಫೈಂಡರ್ ಇಲ್ಲದೆ ಹೊಡೆಯಬಾರದು, ಇದ್ದರೂ ಯೋಚಿಸಬೇಕು. 150 ಗಜ ಹೋಗಲು ಆ ಭಾರದ ಗುಂಡಿಗೆ ಸೆಕೆಂಡಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬೇಕು. ಅಷ್ಟರಲ್ಲಿ ಜಿಂಕೆ ಒಂದು ಹೆಜ್ಜೆ ಇಟ್ಟರೆ ಎದೆಗಿಟ್ಟದ್ದು ಹೊಟ್ಟೆಗೆ ಬೀಳುತ್ತದೆ. ಗಂಟೆಗೆ 10 ಮೈಲಿಯ ಅಡ್ಡಗಾಳಿ 100 ಗಜದಲ್ಲಿ ಸುಮಾರು 3 ಇಂಚು, 150ರಲ್ಲಿ ಸುಮಾರು 6 ಇಂಚು ಸರಿಸುತ್ತದೆ.

ಕೂಡಿಸುವಾಗ ಮೊದಲು 25 ಗಜದಲ್ಲಿ ಕಾಗದಕ್ಕೆ ತಾಗಿಸಿ, ಆಮೇಲೆ 100ಕ್ಕೆ ಹೋಗಿ. ಹಿಂದಿನ ಸೈಟ್ ಎತ್ತಿದರೆ ಗುಂಡು ಮೇಲೆ, ಮುಂದಿನದನ್ನು ಎತ್ತಿದರೆ ಕೆಳಗೆ. ಎರಡು ಸೈಟ್‌ಗಳ ನಡುವೆ 36 ಇಂಚಿದ್ದರೆ ಇಂಚಿನ ನೂರನೇ ಒಂದು ಭಾಗದಷ್ಟು ತಿರುವು 100 ಗಜದಲ್ಲಿ ಒಂದು ಇಂಚಾಗುತ್ತದೆ; ಸ್ಟಾಕಿನ (ಬಂದೂಕಿನ ಮರದ ಹಿಡಿ) ಕೊರಳಿನ ಮೇಲೆ ಕೂರುವ ವರ್ನಿಯರ್ ಟ್ಯಾಂಗ್ ಸೈಟಿನಲ್ಲಿ ಈ ಲೆಕ್ಕ ಸಲೀಸು. ಆದರೆ ಟಾರ್ಗೆಟ್ ಹೊಡೆಯುವವರ ಸಣ್ಣ ತೂತಿನ ಬಿಲ್ಲೆ ಕಾಡಿನ ಮಬ್ಬಿಗೆ ಬಾರದು. ಅದನ್ನು ತಿರುಗಿಸಿ ತೆಗೆದು ದೊಡ್ಡ ತೂತಿನಲ್ಲೇ ನೋಡಿ. ಕಣ್ಣು ತಾನಾಗಿ ನಡುವನ್ನು ಹುಡುಕಿಕೊಳ್ಳುತ್ತದೆ.

ಮೇಜಿನ ಮೇಲೆ ಇಟ್ಟು ಹೊಡೆಯುವಾಗ ಮುಂಗಟ್ಟಿಗೆಯ (ನಳಿಗೆಯ ಅಡಿಯ ಮರ) ಕೆಳಗೆ ಮಾತ್ರ ಆಸರೆ ಕೊಡಿ, ನಳಿಗೆಗೆ ಬೇಡ. ಆಸರೆಯನ್ನು ಪ್ರತಿಸಲವೂ ಒಂದೇ ಜಾಗಕ್ಕೆ, ಆದಷ್ಟು ಬ್ರೀಚಿನ ಹತ್ತಿರ ಇಡಿ. ಒಂದೇ ಈಡಿನ ಬಂದೂಕುಗಳಲ್ಲಿ ಮುಂಗಟ್ಟಿಗೆ ಬೇರೆಯೇ ತುಂಡು. ಅದು ನಳಿಗೆಯನ್ನು ಒತ್ತುವ ರೀತಿ ಬದಲಾದರೆ ಗುಂಡುಗಳು ಮೇಲೆ ಕೆಳಗೆ ಸಾಲುಗಟ್ಟುತ್ತವೆ. ಅಂಥ ಸಾಲು ಕಂಡರೆ ಸೈಟನ್ನು ಬೈಯುವ ಮೊದಲು ಮುಂಗಟ್ಟಿಗೆಯ ಸ್ಕ್ರೂ ನೋಡಿ.

ಮೂರು ಗುಂಡಿನ ಗುಂಪು ಚೆನ್ನಾಗಿ ಬಂತೆಂದು ಮನೆಗೆ ಹೋಗಬೇಡಿ. ಜಿಂಕೆಗೆ ಹೋಗುವುದು ತಣ್ಣಗಿನ ನಳಿಗೆಯ ಮೊದಲ ಗುಂಡು. ಒಂದು ಕಾಗದ ಎತ್ತಿಟ್ಟು, ಬೇರೆ ಬೇರೆ ದಿನ ರೇಂಜಿಗೆ ಹೋದಾಗ ಮೊದಲ ಈಡನ್ನು ಅದಕ್ಕೇ ಹೊಡೆಯಿರಿ. ಐದು ದಿನದ ಐದು ತೂತು ಹೇಳುವುದೇ ನಿಜ. ಕಪ್ಪು ಮದ್ದಿನಲ್ಲಿ ಇದು ಇನ್ನೂ ಮುಖ್ಯ: ಎಣ್ಣೆ ಸವರಿದ ಸ್ವಚ್ಛ ನಳಿಗೆಯ ಮೊದಲ ಗುಂಡು ಮಸಿ ಹಿಡಿದ ನಳಿಗೆಯ ಗುಂಡಿನ ಜಾಗಕ್ಕೆ ಹೋಗುವುದಿಲ್ಲ. ಬೇಟೆಯ ಬೆಳಗ್ಗೆ ಆಲ್ಕೋಹಾಲ್ ಹಾಕಿದ ಬಟ್ಟೆಯಿಂದ ಎಣ್ಣೆ ಪೂರ್ತಿ ಒರೆಸಿ, ಅದೇ ಸ್ಥಿತಿಯಲ್ಲಿ ಗುಂಡು ಎಲ್ಲಿ ಬೀಳುತ್ತದೆಂದು ಮೊದಲೇ ತಿಳಿದಿರಬೇಕು.

ಕೊನೆಯ ಪರೀಕ್ಷೆ ಮೇಜಿನದಲ್ಲ. ಕತ್ತರಿಯಂತೆ ಕಟ್ಟಿದ ಎರಡು ಕೋಲಿನ ಆಸರೆಯಲ್ಲಿ ನೆಲಕ್ಕೆ ಕೂತು, 6 ಇಂಚಿನ ಕಾಗದದ ತಟ್ಟೆಗೆ ಐದು ಈಡು. ಐದಕ್ಕೆ ಐದೂ ಬೀಳುವ ದೂರವೇ ನಿಮ್ಮ ದೂರ. ನಾಲ್ಕು ಬಿದ್ದರೆ ಇಪ್ಪತ್ತು ಗಜ ಮುಂದೆ ಬನ್ನಿ. ಇದು 90 ಗಜ ಎಂದು ಬಂದರೆ ನಾಚಿಕೆಪಡುವಂಥದ್ದೇನೂ ಇಲ್ಲ.

ಒದೆತದ ಬಗ್ಗೆ ಒಂದು ಮಾತು. ಹಳೆ ರೈಫಲ್‌ಗಳ ಅರ್ಧಚಂದ್ರದಂಥ ಉಕ್ಕಿನ ಬುಡಪಟ್ಟಿಯನ್ನು ಇಂದಿನ ಬಂದೂಕಿನಂತೆ ಭುಜದ ಗುಳಿಗೆ ಇಟ್ಟರೆ ಅದರ ಕೊಂಬು ಎಲುಬಿಗೆ ಚುಚ್ಚುತ್ತದೆ. ಅದರ ಜಾಗ ಇನ್ನಷ್ಟು ಹೊರಗೆ, ತೋಳು ಭುಜಕ್ಕೆ ಸೇರುವಲ್ಲಿ. ಹಾಗೆ ಹಿಡಿಯಲು ದೇಹ ಗುರಿಯ ಕಡೆಗೆ ಹೆಚ್ಚು ಅಡ್ಡವಾಗಿ ನಿಲ್ಲಬೇಕು.

ಕುದುರೆ ಮತ್ತು ಟ್ರಿಗರ್

ಶಾರ್ಪ್ಸ್‌ನಂಥ ರೈಫಲ್‌ಗಳಲ್ಲಿ ಹಲವಕ್ಕೆ ಎರಡು ಟ್ರಿಗರ್. ಹಿಂದಿನದನ್ನು ಎಳೆದು ಕ್ಲಿಕ್ ಅನ್ನಿಸಿದರೆ ಮುಂದಿನದು ಉಸಿರು ತಾಗಿದರೆ ಬೀಳುವಷ್ಟು ಹಗುರವಾಗುತ್ತದೆ. ಸೆಟ್ ಮಾಡುವುದು ಅಂದರೆ ಇದೇ. ಚಳಿಗೆ ಮರಗಟ್ಟಿದ ಬೆರಳು, ದಪ್ಪ ಕೈಗವಸು, ಮತ್ತು ಈ ಟ್ರಿಗರ್ ಒಂದೆಡೆ ಸೇರಬಾರದು. ಸೈಟ್ ಜಿಂಕೆಯ ಎದೆಯ ಮೇಲೆ ಬಂದು ನಿಂತ ಮೇಲೆ ಮಾತ್ರ ಹಿಂದಿನದನ್ನು ಎಳೆಯಿರಿ. ಸೆಟ್ ಮಾಡದೆಯೂ ಮುಂದಿನ ಟ್ರಿಗರಿನಿಂದ ಹೊಡೆಯಲು ಬರುವ ಬಂದೂಕಾದರೆ 60 ಗಜದೊಳಗೆ ಹಾಗೆಯೇ ಹೊಡೆಯುವುದು ಮೇಲು.

ಸೆಟ್ ಮಾಡಿದಿರಿ, ಜಿಂಕೆ ಸರಿದುಹೋಯಿತು. ಆಗ ಕುದುರೆಯನ್ನು ಹೆಬ್ಬೆರಳಲ್ಲಿ ಹಿಡಿದು ತುಂಬಿದ ಚೇಂಬರಿನ ಮೇಲೆ ಇಳಿಸುವುದು ಅತ್ಯಂತ ಕೆಟ್ಟ ದಾರಿ. ಸರಿಯಾದ ಕ್ರಮ ಇದು:

1. ನಳಿಗೆಯನ್ನು ನೆಲದ ಕಡೆಗೆ, ಯಾರೂ ಇಲ್ಲದ ದಿಕ್ಕಿಗೆ ತಿರುಗಿಸಿ. ಬೆರಳು ಟ್ರಿಗರಿನಿಂದ ಹೊರಗಿರಲಿ.
2. ಕುದುರೆ ಪೂರ್ತಿ ಏರಿದ್ದಂತೆಯೇ ಬ್ರೀಚ್ ತೆರೆದು ತೋಟಾ ತೆಗೆಯಿರಿ.
3. ಚೇಂಬರ್ ಖಾಲಿ ಇದೆಯೆಂದು ಕಣ್ಣಿಂದಲೂ ಬೆರಳಿಂದಲೂ ಖಾತ್ರಿ ಮಾಡಿಕೊಳ್ಳಿ.
4. ಬ್ರೀಚ್ ಮುಚ್ಚಿ, ಕುದುರೆಯನ್ನು ಹೆಬ್ಬೆರಳಿಂದ ಬಿಗಿಯಾಗಿ ಹಿಡಿದು, ಮುಂದಿನ ಟ್ರಿಗರ್ ಒತ್ತಿ, ನಿಧಾನ ಇಳಿಸಿ, ಆಮೇಲೆ ಅರ್ಧಕ್ಕೆ ಎತ್ತಿ.

ಈ ಕೆಲಸಕ್ಕೆ ಹತ್ತು ಸೆಕೆಂಡು. ನಡೆಯುವಾಗ, ಬೇಲಿ ದಾಟುವಾಗ, ಮರದ ಅಟ್ಟಣಿಗೆ ಹತ್ತುವಾಗ ಚೇಂಬರ್ ಖಾಲಿ, ಬ್ರೀಚ್ ತೆರೆದಿರಲಿ. ನೂರು ವರ್ಷ ಸವೆದ ಅರ್ಧ-ಕುದುರೆಯ ಕಚ್ಚನ್ನು ಸೇಫ್ಟಿ ಎಂದು ನಂಬಬಾರದು. ಒಂದೇ ಈಡಿನ ಬಂದೂಕಿನ ದೊಡ್ಡ ಅನುಕೂಲವೂ ಇದೇ: ತೆರೆದ ಬ್ರೀಚ್ ಹತ್ತು ಮಾರು ದೂರದ ಸಂಗಾತಿಗೂ ಕಾಣುತ್ತದೆ.

ದೊಡ್ಡ ಕುದುರೆ ಬಿದ್ದು ಗುಂಡು ಹೊರಡುವಷ್ಟರಲ್ಲಿ ಇಂದಿನ ರೈಫಲ್‌ಗಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಟ್ರಿಗರ್ ಒತ್ತಿದ ಕೂಡಲೇ ತಲೆ ಎತ್ತಿ ನೋಡುವ ಚಾಳಿ ಇದ್ದವರ ಗುಂಡು ಹೋದಲ್ಲಿ ಹೋಗುತ್ತದೆ. ಸದ್ದಾದ ಮೇಲೂ ಕೆನ್ನೆ ಸ್ಟಾಕಿಗೆ ಅಂಟಿಯೇ ಇರಲಿ.

ಮರಸು ಕೂರುವುದು

ನೂರು ಗಜದ ಬಂದೂಕಿಗೆ ಜಾಗವೂ ನೂರು ಗಜದ್ದೇ ಬೇಕು. ವಿಶಾಲ ಹೊಲದ ಅಂಚಿನಲ್ಲಿ ಕೂತು 250 ಗಜದ ಜಿಂಕೆ ನೋಡುತ್ತಾ ಚಡಪಡಿಸುವುದಕ್ಕಿಂತ, ಕಾಡಿನೊಳಗಿನ ದಾರಿಗಳು ಕೂಡುವಲ್ಲಿ, ತೊರೆಯ ದಾಟಿನಲ್ಲಿ, ಮೇವಿಗೂ ಮಲಗುವ ಪೊದೆಗೂ ನಡುವಿನ ಇಕ್ಕಟ್ಟಿನಲ್ಲಿ ಮರಸು ಕೂರಿ. ಕೂತ ಕೂಡಲೇ ಸುತ್ತಲಿನ ನಾಲ್ಕೈದು ಗುರುತುಗಳ ದೂರ ಅಳೆದು ಚೀಟಿಯಲ್ಲಿ ಬರೆದುಕೊಳ್ಳಿ: ಬೂದು ಬಂಡೆ 70, ಬಿದ್ದ ಮರ 95, ಬೇಲಿಮೂಲೆ 130. ಬೇಲಿಮೂಲೆಯ ಆಚೆ ಬಂದದ್ದು ನಿಮ್ಮದಲ್ಲ. ಜಿಂಕೆ ಬಂದ ಮೇಲೆ ಅಳೆಯಲು ಕೈ ಎತ್ತಿದರೆ ಅದು ನೋಡುತ್ತದೆ.

ಗಾಳಿ ಜಿಂಕೆಯ ಕಡೆಯಿಂದ ನಿಮ್ಮ ಮುಖಕ್ಕೆ ಬರಬೇಕು. ಗುಡ್ಡದ ಸೀಮೆಯಲ್ಲಿ ಬಿಸಿಲೇರಿದ ಮೇಲೆ ಗಾಳಿ ಇಳಿಜಾರಿನಲ್ಲಿ ಮೇಲಕ್ಕೆ, ಸಂಜೆ ತಂಪಾದ ಮೇಲೆ ಕೆಳಕ್ಕೆ ಹರಿಯುತ್ತದೆ. ಬೆಳಗಿನ ಜಾಗ ಸಂಜೆಗೆ ಆಗುವುದಿಲ್ಲ. ಕಿತ್ತಳೆ ಬಟ್ಟೆಯ ಚಿಂತೆ ಬೇಡ. ಜಿಂಕೆಯ ಕಣ್ಣಿಗೆ ಕೆಂಪು-ಕಿತ್ತಳೆ ಎದ್ದು ಕಾಣುವುದಿಲ್ಲ, ಅಲುಗಾಟ ಕಾಣುತ್ತದೆ. ನೀಲಿ ಜೀನ್ಸ್ ಮಾತ್ರ ಮನೆಯಲ್ಲಿರಲಿ.

ಮುಂದಿನ ತೋಟಾ ಎಲ್ಲಿರಬೇಕು? ಜೇಬಿನಲ್ಲಲ್ಲ. ಬಲಗೈ ಲಿವರ್ ಎಳೆಯುತ್ತದೆ, ಆದ್ದರಿಂದ ಎಡ ಮುಂಗೈಗೆ ಕಟ್ಟಿದ ಚರ್ಮದ ಪಟ್ಟಿಯಲ್ಲಿ ಎರಡು ಮೂರು ತೋಟಾ, ಬುಡ ಮೇಲಾಗಿ. ಡಮ್ಮಿ ತೋಟಾ ಇಟ್ಟುಕೊಂಡು ಮನೆಯಲ್ಲಿ ದಿನಕ್ಕೆ ಇಪ್ಪತ್ತು ಸಲ, ಕಣ್ಣು ಗೋಡೆಯ ಒಂದು ಚುಕ್ಕೆಯ ಮೇಲೆಯೇ ಇಟ್ಟು, ತೆಗೆದು ತುಂಬಿ. ಹದಿನೈದು ದಿನದಲ್ಲಿ ಕೈ ತಾನೇ ಕಲಿಯುತ್ತದೆ. ಚಿಪ್ಪು ಚಿಮ್ಮಿ ಹಾರುವ ಎಜೆಕ್ಟರ್ ಇದ್ದರೆ ಸರಿ. ಬರೀ ಹೊರಕ್ಕೆ ಎಳೆಯುವ ಎಕ್ಸ್‌ಟ್ರಾಕ್ಟರ್ ಆದರೆ ಬಂದೂಕನ್ನು ಬಲಕ್ಕೆ ಹೊರಳಿಸಿ ಬೀಳಿಸಬೇಕು. ಅದೂ ಸಿಕ್ಕಿಕೊಂಡರೆ ಬಾಯಿಯ ಕಡೆಯಿಂದ ತಟ್ಟಲು ಹಿತ್ತಾಳೆಯ ಕಡ್ಡಿ ಚೀಲದಲ್ಲಿರಲಿ. ಈ ಬ್ರೀಚ್‌ಗಳಿಗೆ ಎಳೆಯುವ ಶಕ್ತಿಯೂ ಕಡಿಮೆಯೇ.

ಈಡು

ಜಿಂಕೆ ಪೂರ್ತಿ ಅಡ್ಡಲಾಗಿ ನಿಂತಿರಬೇಕು, ಇಲ್ಲವೇ ಸ್ವಲ್ಪ ಆಚೆಗೆ ತಿರುಗಿರಬೇಕು. ಅಡ್ಡ ನಿಂತಿದ್ದರೆ ಮುಂಗಾಲಿನ ಹಿಂಬದಿಯ ಗೆರೆಯನ್ನು ಕಣ್ಣಲ್ಲೇ ಮೇಲಕ್ಕೆ ಎಳೆಯಿರಿ. ಎದೆಯ ಅಡಿಯಿಂದ ಮೂರನೇ ಒಂದು ಭಾಗ ಮೇಲೆ, ಅಲ್ಲಿ ಸೈಟ್. ಆಚೆಗೆ ತಿರುಗಿದ್ದರೆ ನಿಮಗೆ ಕಾಣದ ಆಚೆ ಬದಿಯ ಮುಂಗಾಲಿಗೆ ಗುಂಡು ಹೊರಬರುವಂತೆ ಲೆಕ್ಕ ಮಾಡಿ ಹಿಂದಿನಿಂದ ಒಳಕ್ಕೆ ಇಡಿ. ಎದುರಿಗೆ ಮುಖ ಮಾಡಿದ, ಓಡುತ್ತಿರುವ, ತಲೆ ಮಾತ್ರ ಕಾಣುವ ಜಿಂಕೆಗೆ ಹೊಡೆಯಬೇಡಿ. ಅದರ ಹಿಂದೆ ಮಣ್ಣು ಕಾಣದಿದ್ದರೆ, ಅಂದರೆ ದಿಬ್ಬದ ನೆತ್ತಿಯ ಮೇಲೆ ನಿಂತಿದ್ದರೆ, ಎಷ್ಟೇ ಚೆನ್ನಾಗಿ ನಿಂತಿರಲಿ ಬಿಡಿ. ಆ ಭಾರದ ಗುಂಡು ಜಿಂಕೆಯಲ್ಲಿ ನಿಲ್ಲುವುದಿಲ್ಲ, ಆಚೆಗೆ ಬಹಳ ದೂರ ಹೋಗುತ್ತದೆ. ನಡೆಯುತ್ತಿರುವುದನ್ನು ನಿಲ್ಲಿಸಲು ಬಾಯಲ್ಲಿ ಮೆಲ್ಲಗೆ ‘ಮ್ಯಾ’ ಅಂದರೆ ಸಾಕು. ಅನ್ನುವ ಮೊದಲೇ ಕುದುರೆ ಎತ್ತಿರಬೇಕು. ಕುದುರೆಯ ಕ್ಲಿಕ್ ಸದ್ದು ತಂಪು ಬೆಳಗಿನಲ್ಲಿ ದೂರ ಕೇಳುತ್ತದೆ. ಹಲವು ಬಂದೂಕುಗಳಲ್ಲಿ ಟ್ರಿಗರ್ ಒತ್ತಿಹಿಡಿದು ಎತ್ತಿದರೆ ಸದ್ದಿಲ್ಲ ನಿಜ, ಆದರೆ ಹೆಬ್ಬೆರಳು ಜಾರಿದರೆ ಈಡು ಹೋಗುತ್ತದೆ. ಅದಕ್ಕಿಂತ ಕ್ಲಿಕ್ ಸದ್ದೇ ವಾಸಿ.

ಕಪ್ಪು ಮದ್ದಾದರೆ ಹೊಡೆದ ಕ್ಷಣ ಮುಂದೆ ಬಿಳಿ ಹೊಗೆಯ ಗೋಡೆ. ಜಿಂಕೆ ಯಾವ ಕಡೆ ಹೋಯಿತೆಂದೇ ಕಾಣುವುದಿಲ್ಲ. ತಟ್ಟನೆ ಬಗ್ಗಿ ಹೊಗೆಯ ಅಡಿಯಿಂದ ನೋಡಿ, ಅಥವಾ ಗಾಳಿ ಬರುವ ಕಡೆಗೆ ಎರಡು ಹೆಜ್ಜೆ ಸರಿಯಿರಿ. ನೋಡುತ್ತಲೇ ಮತ್ತೆ ತುಂಬಿ. ಜಿಂಕೆ ಬಿದ್ದದ್ದು ಕಂಡರೂ ತುಂಬಿ.

ಜಾಡು ಹಿಡಿಯುವುದು

ನಿಧಾನದ ಭಾರದ ಗುಂಡಿಗೆ ಜಿಂಕೆ ಸಿನಿಮಾದಂತೆ ಉರುಳುವುದಿಲ್ಲ. ಶ್ವಾಸಕೋಶಕ್ಕೆ ಚೆನ್ನಾಗಿ ತಗುಲಿದ್ದೂ ಏನೂ ಆಗದಂತೆ 50ರಿಂದ 100 ಗಜ ಓಡಿ ಬೀಳುತ್ತದೆ. ತಪ್ಪಿತೆಂದು ಎದ್ದುಹೋಗುವವರು ಬಹಳ ಜನ. ಜಿಂಕೆ ನಿಂತಿದ್ದ ಜಾಗ, ಕೊನೆಗೆ ಕಂಡ ಜಾಗ, ಎರಡನ್ನೂ ಒಂದೊಂದು ಮರಕ್ಕೆ ಗುರುತು ಮಾಡಿ, ನಿಂತಿದ್ದಲ್ಲಿಗೆ ಹೋಗಿ ಕೂದಲು, ರಕ್ತ ನೋಡಿ.

ನೊರೆನೊರೆಯಾದ ತಿಳಿಗೆಂಪು ರಕ್ತ ಶ್ವಾಸಕೋಶದ್ದು: ಅರ್ಧ ಗಂಟೆ ಕಾದು ಹೊರಡಿ. ಕಡುಗೆಂಪು, ದಪ್ಪ ರಕ್ತ ಪಿತ್ತಜನಕಾಂಗದ್ದು: ಮೂರು ನಾಲ್ಕು ಗಂಟೆ. ಹಸಿರು ಬೆರೆತ, ವಾಸನೆಯ ನೀರು, ಬೆನ್ನು ಬಿಲ್ಲಾಗಿ ಮೆಲ್ಲಗೆ ನಡೆದುಹೋದ ಜಿಂಕೆ ಅಂದರೆ ಹೊಟ್ಟೆಗೆ ಬಿದ್ದಿದೆ: ಎಂಟು ಗಂಟೆಯಾದರೂ ಬಿಡಿ, ಬೆನ್ನಟ್ಟಿದರೆ ಮೈಲಿಗಟ್ಟಲೆ ಹೋಗುತ್ತದೆ. ರಕ್ತದ ಪ್ರತಿ ಹನಿಯ ಹತ್ತಿರ ಒಂದು ಚೂರು ಟಾಯ್ಲೆಟ್ ಪೇಪರ್ ಸಿಕ್ಕಿಸುತ್ತಾ ಹೋಗಿ. ಜಾಡು ತಪ್ಪಿದಾಗ ಹಿಂತಿರುಗಿ ನೋಡಿದರೆ ಬಿಳಿ ಚುಕ್ಕೆಗಳ ಸಾಲು ದಿಕ್ಕು ಹೇಳುತ್ತದೆ. ಜಾಡನ್ನು ತುಳಿಯದೆ ಪಕ್ಕದಲ್ಲಿ ನಡೆಯಿರಿ.

ಬಿದ್ದ ಜಿಂಕೆಯ ಹತ್ತಿರ ಬೆನ್ನಿನ ಕಡೆಯಿಂದ ಹೋಗಿ, ಉದ್ದ ಕೋಲಿನಿಂದ ಕಣ್ಣು ಮುಟ್ಟಿ. ರೆಪ್ಪೆ ಮಿಟುಕಿದರೆ ಇನ್ನೊಂದು ಈಡು. ಮಿಟುಕದಿದ್ದರೆ ತೋಟಾ ತೆಗೆದು, ಬ್ರೀಚ್ ತೆರೆದಿಟ್ಟು, ಮೊದಲು ಟ್ಯಾಗ್ ಕಟ್ಟಿ. ಕರುಳು ಬೇಗ ತೆಗೆದು ಎದೆಗೂಡು ತೆರೆದು ತಣ್ಣಗಾಗಲು ಬಿಡಿ. ಗಾಳಿ 4 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಿದ್ದರೆ ನೇತುಹಾಕಿ ಕಾಯುವ ಬದಲು ಬೇಗ ಐಸಿಗೆ ಸೇರಿಸಿ. ಕ್ರಾನಿಕ್ ವೇಸ್ಟಿಂಗ್ ರೋಗ (ಜಿಂಕೆಗಳ ಮಿದುಳು ಕೆಡಿಸುವ ರೋಗ) ಇರುವ ಸೀಮೆಯಾದರೆ ಮಿದುಳು, ಬೆನ್ನುಹುರಿ, ಗುಲ್ಮ, ದುಗ್ಧಗ್ರಂಥಿಗಳನ್ನು ಮುಟ್ಟದೆ ಕೊಯ್ದು, ಪರೀಕ್ಷೆಯ ಫಲಿತಾಂಶ ಬರುವವರೆಗೆ ಮಾಂಸ ತಿನ್ನಬೇಡಿ.

ಅದೇ ರಾತ್ರಿ

ಹೊಗೆರಹಿತ ಮದ್ದಾದರೆ ರೈಫಲ್ ನಾಳೆಯವರೆಗೆ ಕಾಯುತ್ತದೆ. ಕಪ್ಪು ಮದ್ದಿನ ಮಸಿ ಕಾಯುವುದಿಲ್ಲ, ಗಾಳಿಯ ತೇವ ಹೀರಿ ರಾತ್ರಿಯೊಳಗೆ ತುಕ್ಕು ಹಿಡಿಸುತ್ತದೆ. ಇದಕ್ಕೆ ಮದ್ದು ನೀರು, ಎಣ್ಣೆಯಲ್ಲ. ಬ್ರೀಚಿನ ಕಡೆಯಿಂದ ಒದ್ದೆ ಬಟ್ಟೆ ತೂರಿಸುತ್ತಾ ಬನ್ನಿ, ಕಪ್ಪು ಬರುವುದು ನಿಂತ ಮೇಲೆ ಒಣ ಬಟ್ಟೆ, ಕೊನೆಗೆ ತೆಳು ಎಣ್ಣೆ. ಬ್ಲಾಕನ್ನು ಹೊರತೆಗೆದು ಫೈರಿಂಗ್ ಪಿನ್ನಿನ ತೂತನ್ನೂ ಒರೆಸಿ. ಅಲ್ಲಿ ಮಸಿ ಗಟ್ಟಿಯಾದರೆ ಮುಂದಿನ ಸಲ ಪಿನ್ನು ಹಿಂದೆ ಸರಿಯದೆ ಬ್ಲಾಕ್ ತೆರೆಯುವುದಿಲ್ಲ. ನೀರು ಮರದ ಸಂದಿಗೆ ಇಳಿಯದಂತೆ ನಳಿಗೆಯ ಬಾಯಿ ಕೆಳಗಿರಲಿ. ಖಾಲಿ ಚಿಪ್ಪುಗಳನ್ನು ಪ್ರೈಮರ್ ತೆಗೆದು ಸೋಪು ನೀರಿನ ಡಬ್ಬಿಗೆ ಹಾಕಿ ಅಲುಗಾಡಿಸಿ. ಬಿಟ್ಟರೆ ಹಿತ್ತಾಳೆ ಹಸಿರುಗಟ್ಟಿ ತೂತುಬೀಳುತ್ತದೆ. ಮಾರನೆಯ ದಿನ ಒಣ ಬಟ್ಟೆಯನ್ನು ಮತ್ತೊಮ್ಮೆ ನಳಿಗೆಯಲ್ಲಿ ಆಡಿಸಿ ನೋಡಿ. ಕಂದು ಬಣ್ಣ ಬಂದರೆ ನೀರಿನಿಂದ ಮತ್ತೆ ಶುರುಮಾಡಿ.